ಹೆಸರು ಕಾಣದ ಹನ್ನೆರಡು ತಟ್ಟೆ

ಸೋಮವಾರ ಸಂಜೆ ಆರೂ ಹತ್ತಕ್ಕೆ ಟೀಚರ್ ಮಾರ್ಗರೆಟ್ ಇನ್‌ಕ್ಯುಬೇಟರಿನ ಬಾಗಿಲು ತೆರೆದರು. ತೆರೆದವರು ಹಿಡಿಕೆ ಬಿಡದೆ ಹಾಗೇ ನಿಂತರು.

“ಯಾರೂ ಹತ್ತಿರ ಬರಬೇಡಿ. ಏನನ್ನೂ ಮುಟ್ಟಬೇಡಿ.”

ಬರಬೇಡಿ ಎಂದದ್ದೇ ತಡ, ಹನ್ನೊಂದು ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ಹತ್ತಿರ ಬಂದರು. ಜೆಸ್ಲಿನ್ ಮಾತ್ರ ಎಂದಿನಂತೆ ಹಿಂದೆ ಉಳಿದಳು. ಇಬ್ಬರ ಭುಜಗಳ ನಡುವಿನ ಸಂದಿನಿಂದ ನೋಡಿದಳು.

ಇನ್‌ಕ್ಯುಬೇಟರ್ ಎಂದರೆ ಸಣ್ಣ ಫ್ರಿಜ್ಜಿನಂಥ ಪೆಟ್ಟಿಗೆ. ಆದರೆ ಒಳಗೆ ತಂಪಲ್ಲ. ಹಗಲೂ ರಾತ್ರಿಯೂ ಒಂದೇ ಸಮನೆ ಮೂವತ್ತು ಡಿಗ್ರಿ ಬಿಸಿ. ಅದರ ಕೆಳಗಿನ ತಂತಿ ಹಲಗೆಯ ಮೇಲೆ ಹನ್ನೆರಡು ಪೆಟ್ರಿ ತಟ್ಟೆಗಳಿದ್ದವು. ಅಂಗೈ ಅಗಲದ, ಮುಚ್ಚಳವಿರುವ ಪ್ಲಾಸ್ಟಿಕ್ ತಟ್ಟೆಗಳು, ಒಳಗೊಂದು ಪದರ ಜೆಲ್ಲಿ. ಶುಕ್ರವಾರ ಒಬ್ಬೊಬ್ಬರೂ ಹತ್ತಿಯ ಕಡ್ಡಿಯಿಂದ ಒಂದೊಂದು ಜಾಗ ಒರೆಸಿ ತಂದು ಆ ಜೆಲ್ಲಿಯ ಮೇಲೆ ಸವರಿದ್ದರು — ಬಾಗಿಲ ಹಿಡಿ, ಬಸ್ಸಿನ ಕಂಬಿ, ಮೊಬೈಲು, ಟಾಯ್ಲೆಟ್ಟಿನ ಫ್ಲಶ್. ಹನ್ನೆರಡನೆಯದಕ್ಕೆ ಯಾರೂ ಏನೂ ಸವರಿರಲಿಲ್ಲ. ಅದು ಹೋಲಿಸಿ ನೋಡಲಿಕ್ಕೆ ಇಟ್ಟ ಖಾಲಿ ತಟ್ಟೆ. ಮೂರು ದಿನದಲ್ಲಿ ಕಣ್ಣಿಗೆ ಕಾಣದ ಜೀವಗಳು ಬೆಳೆದು ಕಾಣುವಂತಾಗಬೇಕಿತ್ತು, ಒಬ್ಬೊಬ್ಬರ ತಟ್ಟೆಯಲ್ಲಿ ಒಂದೊಂದು ಬಗೆ.

ಬೆಳೆದಿದ್ದವು. ಆದರೆ ಎಲ್ಲದರಲ್ಲೂ ಒಂದೇ! ಅಂಚಿನುದ್ದಕ್ಕೂ ಕೆನೆಬಣ್ಣದ ಬೊಟ್ಟುಗಳು, ಮುಚ್ಚಳದ ಒಳಮೈಯಿಂದ ತೊಟ್ಟಿಕ್ಕಿದ ನೀರು, ಆ ನೀರಿನಲ್ಲಿ ನಡುವಿನದೆಲ್ಲ ಕಲಸಿ ರಾಡಿ. ಏನೂ ಸವರದ ತಟ್ಟೆಯಲ್ಲೂ ಅದೇ ಕೆನೆಬಣ್ಣ.

“ಅಂದರೆ ಯಾರೋ ಇವನ್ನು ತೆರೆದಿದ್ದಾರೆ,” ಎಂದರು ಮಾರ್ಗರೆಟ್. ಮೇಜಿನಿಂದ ಡಿಜಿಟಲ್ ಕ್ಯಾಮೆರಾ ತಂದು, ತಟ್ಟೆ ಯಾವುದೂ ಕದಲದ ಹಾಗೆ ಹಲಗೆಯನ್ನು ಮುಂದಕ್ಕೆಳೆದು, ಮೇಲಿನಿಂದ ಒಂದು ಫೋಟೋ ಹೊಡೆದರು. ಆಮೇಲೆ ಬೀಗದ ಕೈಯ ರಿಜಿಸ್ಟರ್ ತೆರೆದರು.

“ಶುಕ್ರವಾರ ಲ್ಯಾಬಿನ ಕೀ ಕೊನೆಗೆ ತಂದುಕೊಟ್ಟದ್ದು ಎಂಟೂ ನಲವತ್ತಕ್ಕೆ. ಜೆಸ್ಲಿನ್ — ನೀನು.”

ಹತ್ತು ತಲೆಗಳು ತಿರುಗಿದವು.

“ನನ್ನ ಕ್ಲಾಸು ಎಂಟಕ್ಕೆ ಮುಗಿಯಿತು. ನಲವತ್ತು ನಿಮಿಷ ಏನು ಮಾಡುತ್ತಿದ್ದೆ?”

ಜೆಸ್ಲಿನ್‌ಗೆ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಸಿಕ್ಕದ್ದು ಇಷ್ಟೇ.

“ನೋಡ್ತಾ ಇದ್ದೆ, ಮ್ಯಾಡಮ್.”

“ಏನನ್ನು?”

“ಈರುಳ್ಳಿ.”

ಯಾರೋ ಕಿಸಕ್ಕೆಂದು ನಕ್ಕರು. ಮಾರ್ಗರೆಟ್ ನಗಲಿಲ್ಲ. “ಹೆಡ್‌ಗೆ ವರದಿ ಕೊಡಲೇಬೇಕು. ತೆರೆದವರು ಯಾರಾದರೂ ಸರಿ, ಅವರು ಕೋರ್ಸಿನಲ್ಲಿ ಉಳಿಯುವುದಿಲ್ಲ. ಬುಧವಾರದ ಕ್ಲಾಸಿನೊಳಗೆ ಗೊತ್ತಿರುವವರು ಬಂದು ಹೇಳಿ. ಅಲ್ಲಿಯವರೆಗೆ ಈ ಪ್ರಯೋಗಕ್ಕೆ ಯಾರಿಗೂ ಮಾರ್ಕ್ಸ್ ಇಲ್ಲ.”

ಮಾರ್ಕ್ಸ್ ಇಲ್ಲದಿದ್ದರೆ ಫಾರ್ಮಿಗೆ ಸಹಿ ಇಲ್ಲ. ನರ್ಸಿಂಗ್ ಡಿಪ್ಲೊಮಾಕ್ಕೆ ಹಾಕುವ ಆ ಫಾರ್ಮು ಶುಕ್ರವಾರದೊಳಗೆ ಹೋಗಬೇಕು. ಅದು ಜೆಸ್ಲಿನ್‌ಳ ಚೀಲದಲ್ಲಿತ್ತು, ಮಡಿಕೆ ಬೀಳದ ಹಾಗೆ ಎರಡು ರಟ್ಟುಗಳ ನಡುವೆ.

ಕಿನ್ನಿಗೋಳಿಯಲ್ಲಿ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋದವಳು ಅವಳು. ಮದುವೆಯಾಗಿ ಸಿಡ್ನಿಗೆ ಬಂದು ಎರಡು ವರ್ಷ; ಬೆಳಿಗ್ಗೆ ಅಲ್ಲಿನ ಲಿವರ್‌ಪೂಲ್ ಬಡಾವಣೆಯ ಒಂದು ಲಾಂಡ್ರಿಯಲ್ಲಿ ಕೆಲಸ. ವಾರಕ್ಕೆ ಮೂರು ಸಂಜೆ ಈ ಕಮ್ಯುನಿಟಿ ಕಾಲೇಜಿನ ಬಯಾಲಜಿ. ಇಲ್ಲಿ ಎಲ್ಲರೂ ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅವಳಿಗೆ ನಾಲಗೆ ಏಳುವುದಿಲ್ಲ, ಮ್ಯಾಡಮ್ ಎನ್ನುತ್ತಾಳೆ.

ಶುಕ್ರವಾರ ಅವಳು ನೋಡುತ್ತಿದ್ದದ್ದು ನಿಜಕ್ಕೂ ಈರುಳ್ಳಿಯನ್ನೇ. ಈರುಳ್ಳಿಯ ಒಂದು ಸಿಪ್ಪೆ, ಉಸಿರು ತಾಗಿದರೆ ಹಾರುವಷ್ಟು ತೆಳು. ಅದರ ಮೇಲೊಂದು ತೊಟ್ಟು ಅಯೋಡಿನ್. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಅಲ್ಲೊಂದು ಊರೇ ಇತ್ತು! ಇಟ್ಟಿಗೆ ಇಟ್ಟ ಹಾಗೆ ಕೋಣೆಗೆ ಕೋಣೆ ತಾಗಿಸಿ ಕಟ್ಟಿದ ಊರು. ಕೋಣೆಗೊಂದು ಕಂದು ಚುಕ್ಕೆ. ಮದುವೆಯ ಮನೆಗಳಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದ ಕೈ ಅವಳದು. ಅಷ್ಟೂ ಊರುಗಳನ್ನು ನೋಡದೆಯೇ ಹೆಚ್ಚಿಹಾಕಿದ್ದಳಲ್ಲ! ಎಲ್ಲರೂ ಹೋದ ಮೇಲೂ ಅವಳು ಎದ್ದಿರಲಿಲ್ಲ. ಇದನ್ನೆಲ್ಲ ಹತ್ತು ಜನರೆದುರು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

“ನೀನು ಮಾಡಿದ್ದಲ್ಲ, ಗೊತ್ತುಂಟು ನನಗೆ,” ಎಂದರು ಪಕ್ಕದ ಸ್ಟೂಲಿನ ಜಲಜಾಕ್ಷಿ ಆಂಟಿ. ಕಾಪುವಿನ ಕಡೆಯವರು, ಚೈಲ್ಡ್ ಕೇರ್‌ನಲ್ಲಿ ಕೆಲಸ, ಐವತ್ತಕ್ಕೆ ಹತ್ತಿರ. “ಹೆದರ್ಬೇಡ ಮಾರಾಯ್ತಿ. ಬಾಯಿ ಬಿಡು ಸ್ವಲ್ಪ.”

“ಹಾಗಾದ್ರೆ ಇನ್ಯಾರು ಆಂಟಿ?” ಎಂದ ಮನೀಷ್, ಹಿಂದಿನ ಸಾಲಿನಿಂದ. ಬೆಂಗಳೂರಿನ ಹುಡುಗ, ಬಯಾಲಜಿಯಲ್ಲಿ ಒಮ್ಮೆ ಫೇಲಾಗಿ ಎರಡನೆಯ ಸಲ ಕೂತಿದ್ದ.

“ನೀನೇ ಯಾಕಾಗಬಾರದು? ಶುಕ್ರವಾರ ಎಂತ ಹೇಳಿದೆ? ‘ಎಲ್ಲ ಹಾಳಾಗೋದ್ರೆ ಚೆನ್ನಾಗಿರತ್ತೆ, ರಿಪೋರ್ಟ್ ಬರೆಯೋ ಕೆಲಸ ತಪ್ಪತ್ತೆ.’ ಹೇಳಿದ್ಯೋ ಇಲ್ವೋ?”

“ಜೋಕ್ ಮಾಡಿದ್ದು ಆಂಟಿ! ನೀವು ಹೇಳಿದ್ದು ನೆನಪಿದ್ಯಾ? ನಿಮ್ಮನೆ ಪಾತ್ರೆ ಉಜ್ಜೋ ಸ್ಪಂಜಿಂದ ಸ್ಯಾಂಪಲ್ ತಂದು, ‘ಅಯ್ಯೋ, ಇದ್ರಲ್ಲಿ ಎಂತೆಲ್ಲ ಬೆಳೀತದೋ, ನನ್ನ ಅಡಿಗೆಮನೆ ಮಾನ ಹೋಗ್ತದೆ’ ಅಂದಿದ್ರಿ. ಮಾನ ಉಳಿಸ್ಕೊಳ್ಳೋಕೆ…”

“ಕೆನ್ನೆಗೆ ಬೇಕಾ?”

ಮಾರ್ಗರೆಟ್ ಕೆಮ್ಮಿದರು. ಇಬ್ಬರೂ ತಮ್ಮ ತಮ್ಮ ಪುಸ್ತಕ ತೆರೆದರು.

ತಟ್ಟೆಗಳನ್ನು ಟ್ರೇಯಲ್ಲಿ ಹೊರತೆಗೆದ ಮೇಲೆ ಜೆಸ್ಲಿನ್ ಖಾಲಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಒಳಗೆ ಎರಡು ತಂತಿ ಹಲಗೆ. ಮೇಲಿನದು ಖಾಲಿ, ಅದು ಯಾವಾಗಲೂ ಖಾಲಿಯೇ. ಆದರೆ ಅದರ ತಂತಿಯ ಕೆಳಮೈಗೆ, ಬಾಗದೆ ಕಾಣದ ಜಾಗದಲ್ಲಿ, ಉಗುರಿನಗಲದ ಬಿಳಿಯ ಕಲೆ. ಒಣಗಿ, ನಡುವೆ ಬಿರುಕು ಬಿಟ್ಟಿತ್ತು.

“ಮ್ಯಾಡಮ್… ಅದು?”

ಮಾರ್ಗರೆಟ್ ಒಂದು ಸಲ ನೋಡಿದರು. “ತಟ್ಟೆಯ ಜೆಲ್ಲಿ ಚೆಲ್ಲಿರಬೇಕು.”

ಜೆಸ್ಲಿನ್ ತಲೆಯಾಡಿಸಿದಳು. ಆದರೆ ತಟ್ಟೆಗಳಿಗೆ ಜೆಲ್ಲಿ ಹೊಯ್ಯುವಾಗ ಅವಳ ಬೆರಳಿಗೂ ಚೆಲ್ಲಿತ್ತು. ಅದು ಒಣಗಿದಾಗ ಪಾರದರ್ಶಕ ಪೊರೆ. ಹಲ್ಲಿಯ ಚರ್ಮದ ಹಾಗೆ ಸುಲಿದು ಬಂದಿತ್ತು. ಬಿಳಿಯಾಗಿ ಬಿರಿಯುವುದು ಬೇರೇನೋ. ಏನು?

ಹೊರಗೆ ಕಾರಿಡಾರಿನಲ್ಲಿ ಕೃಷ್ಣಪ್ಪ ಅಂಕಲ್ ಮಾಪ್ ಹಿಡಿದು ನಿಂತಿದ್ದರು. ಕಾಲೇಜಿನ ಕ್ಲೀನರ್, ಉಡುಪಿಯ ಕಡೆಯವರು. ಮೊದಲ ವಾರ ಕ್ಲಾಸಿನ ಬಾಗಿಲ ಬಳಿ ಒಳಗೆ ಹೋಗಲು ಹೆದರಿ ನಿಂತಿದ್ದ ಅವಳ ಕೊರಳಿನ ಶಿಲುಬೆ, ತೊಟ್ಟ ಚೂಡಿದಾರ ನೋಡಿ, ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ “ಬಾಯಮ್ಮ, ಊರು ಮಂಗಳೂರಾ?” ಎಂದು ತುಳುವಿನಲ್ಲಿ ಕೇಳಿದ್ದವರು. ಆ ಒಂದು ಮಾತಿನ ಬಲದಿಂದ ಅವಳು ಅಂದು ಒಳಗೆ ಕಾಲಿಟ್ಟಿದ್ದಳು.

“ಮುಖ ಯಾಕೆ ಹಾಗೆ? ತಗೋ ಲಡ್ಡು,” ಎಂದು ಕಾಗದದಲ್ಲಿ ಸುತ್ತಿದ್ದನ್ನು ಕೈಗಿಟ್ಟರು. “ಮೆಲ್ಬರ್ನ್‌ಗೆ, ಮಗಳಲ್ಲಿಗೆ ಹೋಗಿ ಬಂದೆ. ಇವತ್ತು ಮಧ್ಯಾಹ್ನದ ಪ್ಲೇನಿಗೆ ಬಂದು ಸೀದಾ ಡ್ಯೂಟಿ.”

ಅವಳಿಗೆ ಮಾತಾಡುವ ಮನಸ್ಸಿರಲಿಲ್ಲ. ಲಡ್ಡು ತೆಗೆದುಕೊಂಡು ಬಸ್ ಸ್ಟಾಪಿಗೆ ನಡೆದಳು.

ಮಂಗಳವಾರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಉತ್ತರ ತಾನಾಗಿ ಎದುರಾಯಿತು. ಹೋಟೆಲಿನ ಮೇಜುಬಟ್ಟೆಗಳಿಗೆ ಗಂಜಿ ಹಾಕುವ ತೊಟ್ಟಿ. ಅದರ ಕಂಠದಲ್ಲಿ ಚೆಲ್ಲಿ ಒಣಗಿದ ಗಂಜಿ. ಬಿಳಿ. ನಡುವೆ ಬಿರುಕು.

ಅವಳ ಕೈ ನಿಂತಿತು. ಗಂಜಿಯೋ? ಗಂಜಿಯಂಥದ್ದೋ? ಬಯಾಲಜಿ ಲ್ಯಾಬಿನ ಪೆಟ್ಟಿಗೆಗೆ ಗಂಜಿ ಎಲ್ಲಿಂದ ಬಂತು?

ಸಂಜೆ ಮೆಲ್ಬರ್ನ್‌ಗೆ ಫೋನ್ ಮಾಡಿದಳು. ಆನ್ ಮರಿಯಾ ಅವಳ ದೊಡ್ಡಮ್ಮನ ಮಗಳು. ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಆಫೀಸಿನಲ್ಲಿ ಕೆಲಸ. ಜೆಸ್ಲಿನ್ ಸಂಕೋಚವಿಲ್ಲದೆ ಅಳಬಹುದಾದ ಒಬ್ಬಳೇ ಒಬ್ಬಳು.

“ಅವರು ನನ್ನನ್ನು ತೆಗೀತಾರೆ, ಆನ್. ಮತ್ತೆ ಕಲಿಯುವುದು ಅಂತಿಲ್ಲ. ಕಾರ್ಖಾನೆ, ಲಾಂಡ್ರಿ, ಅಷ್ಟೇ.”

“ಎಂತದೂ ತೆಗೆಯುದಿಲ್ಲ. ನೀನು ಹೇಳುದನ್ನು ಹೇಳು. ಊಟ ಮಾಡಿದ್ಯಾ?”

“ಇಲ್ಲ.”

“ಮೊದಲು ಊಟ ಮಾಡು. ಊಟ ಹೇಳುವಾಗ ನೆನಪಾಯ್ತು ನೋಡು — ಭಾನುವಾರ ಎಂಥ ಊಟ! ನಮ್ಮ ಫ್ಲೋರಿನ ತೃಷಾ ಉಂಟಲ್ಲ, ಅವಳಿಗೆ ಸೀಮಂತ. ಜುಲೈ ತಿಂಗಳ ಚಳಿಯಲ್ಲಿ, ಮೆಲ್ಬರ್ನ್‌ನಲ್ಲಿ, ಇಡ್ಲಿ! ಮುಟ್ಟಿದರೆ ಹತ್ತಿ! ಇಲ್ಲಿ ನಾನು ಹಿಟ್ಟಿಗೆ ಕಂಬಳಿ ಹೊದೆಸಿ ಹೀಟರ್ ಎದುರು ಇಟ್ಟರೂ ಎರಡು ದಿನ ಹುಳಿ ಬರುದಿಲ್ಲ. ಕೇಳಿದ್ರೆ, ಹಿಟ್ಟು ಸಿಡ್ನಿಯಿಂದ ಬಂದದ್ದಂತೆ. ನಿಮ್ಮ ಸಿಡ್ನಿಯಲ್ಲಿ ಚಳಿ ಇಲ್ವಾ?”

“ಉಂಟು,” ಎಂದಳು ಜೆಸ್ಲಿನ್. “ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಕೂತಿರ್ತದೆ.”

ಬುಧವಾರ ಐದು ಗಂಟೆಗೇ ಅವಳು ಲ್ಯಾಬಿನ ಬಾಗಿಲಲ್ಲಿದ್ದಳು. ಮಾರ್ಗರೆಟ್ ಒಬ್ಬರೇ ಇದ್ದರು.

“ಹೇಳುವುದಿದೆಯಾ, ಜೆಸ್ಲಿನ್?”

“ಕೇಳುವುದಿದೆ, ಮ್ಯಾಡಮ್. ಒಂದು ತೊಟ್ಟು ಅಯೋಡಿನ್.”

ಮಾರ್ಗರೆಟ್ ಅವಳನ್ನು ಒಂದು ಗಳಿಗೆ ನೋಡಿ, ಕಂದು ಬಾಟಲಿಯನ್ನು ಮುಂದಕ್ಕೆ ತಳ್ಳಿದರು.

ಇನ್‌ಕ್ಯುಬೇಟರಿನ ಮೇಲಿನ ತಂತಿಯಿಂದ ಆ ಬಿಳಿ ಕಲೆಯನ್ನು ಅವಳು ಗಾಜಿನ ಚೂರೊಂದಕ್ಕೆ ಕೆರೆದು ಹಾಕಿಕೊಂಡಳು. ಪಕ್ಕದಲ್ಲಿ ತಟ್ಟೆಯ ಜೆಲ್ಲಿಯ ಒಂದು ತುಣುಕು. ಎರಡಕ್ಕೂ ಒಂದೊಂದು ತೊಟ್ಟು. ಜೆಲ್ಲಿ ಕಂದಾಗಿಯೇ ಉಳಿಯಿತು. ಬಿಳಿಯ ಪುಡಿ —

ಕಪ್ಪಾಯಿತು. ಬರೀ ಕಪ್ಪಲ್ಲ, ನವಿಲಿನ ಕೊರಳಿನಂಥ ನೀಲಿಗಪ್ಪು! ಅಕ್ಕಿಯಲ್ಲಿರುವ ಪಿಷ್ಟ ಅಯೋಡಿನ್ ತಾಗಿದರೆ ಹೀಗಾಗುತ್ತದೆ ಎಂದು ಅವಳು ಎರಡನೆಯ ವಾರವೇ ಕಲಿತಿದ್ದಳು. ಆದರೂ ಮೈ ಜುಮ್ಮೆಂದಿತು. ಬಾಯಿಲ್ಲದ ಒಂದು ಪುಡಿ, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು.

“ಪಿಷ್ಟ,” ಎಂದರು ಮಾರ್ಗರೆಟ್ ನಿಧಾನವಾಗಿ. “ನಾನು ಜೆಲ್ಲಿ ಎಂದಿದ್ದೆ. ತಪ್ಪು.”

“ತಟ್ಟೆಯೊಳಗಿನ ಕೆನೆಬಣ್ಣದ್ದನ್ನೂ ನೋಡಬಹುದಾ, ಮ್ಯಾಡಮ್?”

ಕೈಗವಸು ಹಾಕಿಸಿ, ಒಂದು ಬೊಟ್ಟನ್ನು ನೀರಿನ ಹನಿಯಲ್ಲಿ ಕದಡಿ ಮಾರ್ಗರೆಟ್ ಅವರೇ ಸ್ಲೈಡ್ ಮಾಡಿಕೊಟ್ಟರು. ಜೆಸ್ಲಿನ್ ಕಣ್ಣಿಟ್ಟಳು. ಮೊದಲು ಬರೀ ಮಂಜು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಮೊಟ್ಟೆಯಾಕಾರದ ಗುಳ್ಳೆಗಳು, ನೂರು, ಇನ್ನೂರು, ಎಣಿಸಲಾಗದಷ್ಟು. ಒಂದರ ಭುಜದ ಮೇಲೆ ಇನ್ನೊಂದು ಪುಟ್ಟ ಗುಳ್ಳೆ ಮೊಳೆತಿತ್ತು. ಅದರ ಪಕ್ಕದ್ದಕ್ಕೂ. ಅದರಾಚೆಯದಕ್ಕೂ. ತಾಯಿಯನ್ನು ಬಿಡದೆ ಅಂಟಿಕೊಂಡ ಮರಿಗಳು. ಗುಳ್ಳೆಗಳ ನಡುವೆ ಇನ್ನೂ ಸಣ್ಣ ಚುಕ್ಕೆಗಳು ಸರಪಳಿ ಕಟ್ಟಿಕೊಂಡು ನಡುಗುತ್ತಿದ್ದವು. ಪೂಜೆಯ ಹೊತ್ತಿನಲ್ಲಿ ಇಗರ್ಜಿಯ ಗಂಟೆ ಬಾರಿಸುವಾಗ ಎದೆಯೊಳಗೆ ಆಗುವ ಮೌನ, ಅದೇ ಮೌನ.

“ಯೀಸ್ಟ್,” ಎಂದರು ಮಾರ್ಗರೆಟ್, ತಾವೂ ಒಮ್ಮೆ ಬಗ್ಗಿ ನೋಡಿ. “ಮತ್ತೆ ಹಾಲು ಮೊಸರಾಗಿಸುವ ಜಾತಿಯ ಬ್ಯಾಕ್ಟೀರಿಯಾ. ಅಕ್ಕಿ, ಯೀಸ್ಟ್, ಬ್ಯಾಕ್ಟೀರಿಯಾ… ಏನಿದು?”

“ಇಡ್ಲಿ ಹಿಟ್ಟು!”

ಹೇಳಿದ್ದು ಮನೀಷ್. ಕ್ಲಾಸಿನವರು ಒಬ್ಬೊಬ್ಬರೇ ಬರತೊಡಗಿದ್ದರು. ಅವನು ಯಾವಾಗಲೋ ಬಂದು ಬೆನ್ನ ಹಿಂದೆ ನಿಂತಿದ್ದ. ಹೇಳಿದವನು ತನ್ನ ಮಾತಿಗೆ ತಾನೇ ಬೆಚ್ಚಿ, ಆಮೇಲೆ ಉತ್ಸಾಹಗೊಂಡ. “ಅಕ್ಕಿ ಉದ್ದು ರುಬ್ಬಿ ಇಡ್ತಾರಲ್ಲ, ಅದೇ. ಚಳೀಲಿ ಹುಳಿ ಬರಲ್ಲ ಅಂತ ಯಾರೋ ತಂದು ಇದ್ರೊಳಗೆ ಇಟ್ಟಿದ್ದಾರೆ. ಮೂವತ್ತು ಡಿಗ್ರಿ! ಉಕ್ಕಿ ಕೆಳಗೆ ಸುರಿದಿದೆ. ಈ ಕ್ಲಾಸಲ್ಲಿ ಇಡ್ಲಿ ಮಾಡೋ ಕೈ ಎರಡೇ. ಜೆಸ್ಲಿನ್ದು. ಇಲ್ಲಾ ಆಂಟೀದು.”

ಆಗಷ್ಟೇ ಒಳಗೆ ಬಂದ ಜಲಜಾಕ್ಷಿ ಆಂಟಿ ಚೀಲ ಕೆಳಗಿಟ್ಟರು. “ಎಂತ ಹೇಳಿದೆ?”

“ನೀವೇ ಹೋದ ವಾರ ಹೇಳ್ತಿದ್ರಲ್ಲ, ಹಿಟ್ಟು ಉಬ್ತಿಲ್ಲ ಅಂತ.”

“ಹೌದು, ಉಬ್ಬುದಿಲ್ಲ. ಹೇಳಿದರೆ ಕಳ್ಳಿಯಾ? ಟಾಯ್ಲೆಟ್ ಫ್ಲಶ್ ಸವರಿದ ತಟ್ಟೆಯ ಮೇಲೆ ಅಡಿಗೆ ಪಾತ್ರೆ ಇಡ್ತೇನಾ ನಾನು?”

“ಗಲಾಟೆ ಬೇಡ!” ಎಂದರು ಮಾರ್ಗರೆಟ್. ಅವರ ಮುಖ ಗಂಭೀರವಾಗಿತ್ತು. “ಜೆಸ್ಲಿನ್, ಇದು ನಿನ್ನನ್ನು ಉಳಿಸುವುದಿಲ್ಲ. ಇನ್ನಷ್ಟು ಸಿಕ್ಕಿಸುತ್ತದೆ. ಕೀ ನಿನ್ನ ಕೈಯಲ್ಲಿತ್ತು. ಈ ಹಿಟ್ಟು ನಿನ್ನ ಊರಿನದು. ನೀನಲ್ಲದಿದ್ದರೆ ನಿನ್ನ ಗೆಳತಿ. ಬೇರೆ ಯಾರು?”

ಜೆಸ್ಲಿನ್‌ಳ ಕಣ್ಣು ಗೋಡೆಯ ಬೋರ್ಡಿನ ಮೇಲಿತ್ತು. ಸೋಮವಾರದ ಫೋಟೋವನ್ನು ಮಾರ್ಗರೆಟ್ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಟಿಸಿದ್ದರು. ಹನ್ನೆರಡು ತಟ್ಟೆಗಳು. ಮೇಲಿನಿಂದ ತೆಗೆದದ್ದು. ಹನ್ನೆರಡು ಹೊಳೆಯುವ ವೃತ್ತಗಳು, ನಾಲ್ಕರಂತೆ ಮೂರು ಸಾಲು, ಕಡ್ಡಿ ಹಿಡಿದು ಅಳೆದ ಹಾಗೆ. ಅಂದವಾಗಿತ್ತು. ತುಂಬ ಅಂದವಾಗಿತ್ತು. ಆದರೂ ಏನೋ ಇಲ್ಲ. ಏನಿಲ್ಲ?

ಅವಳು ಫೋಟೋದ ಹತ್ತಿರ ಹೋದಳು. ಮೂಗು ತಾಗುವಷ್ಟು ಹತ್ತಿರ.

“ಮ್ಯಾಡಮ್,” ಎಂದಳು. “ನನ್ನ ತಟ್ಟೆ ಇದರಲ್ಲಿ ಯಾವುದು?”

“ಏನು?”

“ಇದರಲ್ಲಿ ನನ್ನದು ಯಾವುದು? ಮನೀಷನದು ಯಾವುದು?”

ಮಾರ್ಗರೆಟ್ ಕನ್ನಡಕ ಏರಿಸಿ ಫೋಟೋ ನೋಡಿದರು. “ಹೆಸರು ಕಾಣುತ್ತಿಲ್ಲವಲ್ಲ…” ಎಂದರು. ಅರ್ಧದಲ್ಲೇ ಅವರ ಬಾಯಿ ತೆರೆದುಕೊಂಡಿತು.

“ಕಾಣಬೇಕಿತ್ತು,” ಎಂದಳು ಜೆಸ್ಲಿನ್.

ಇಷ್ಟು ತಿಂಗಳಲ್ಲಿ ಅವಳು ಕೇಳದೆಯೇ ಬಾಯಿ ತೆರೆದದ್ದು ಇದೇ ಮೊದಲು. ಇಂಗ್ಲಿಷು ಮುರಿದು ಮುರಿದು ಬಂತು. ಅವಳು ನಿಲ್ಲಿಸಲಿಲ್ಲ.

“ಹೆಸರನ್ನು ಮುಚ್ಚಳದ ಮೇಲೆ ಬರೆಯಬೇಡಿ, ತಳದ ಮೇಲೆ ಬರೆಯಿರಿ ಅಂತ ನೀವು ಹೇಳಿಕೊಟ್ಟಿರಿ. ಮುಚ್ಚಳ ಅದಲುಬದಲಾಗ್ತದೆ, ತಳ ಆಗುದಿಲ್ಲ. ಮತ್ತೆ ತಟ್ಟೆಯನ್ನು ಒಳಗಿಡುವಾಗ ಕವುಚಿ ಇಡಬೇಕು — ಮುಚ್ಚಳ ಕೆಳಗೆ, ತಳ ಮೇಲೆ. ಬಿಸಿಗೆ ಆವಿ ಎದ್ದು ನೀರಾದರೆ ಬೆಳೆಯ ಮೇಲೆ ಬೀಳಬಾರದು ಅಂತ. ನಾವೆಲ್ಲ ಹಾಗೇ ಇಟ್ಟೆವು. ಶುಕ್ರವಾರ ಬಾಗಿಲು ಹಾಕುವಾಗ ನಾನು ಎಲ್ಲರ ಹೆಸರನ್ನೂ ಮೇಲಿನಿಂದ ಓದಿದ್ದೇನೆ.”

“ಸೋಮವಾರ ಮುಚ್ಚಳ ಮೇಲಿತ್ತು,” ಎಂದರು ಮಾರ್ಗರೆಟ್. “ಮುಚ್ಚಳದಲ್ಲಿ ನೀರಿತ್ತು. ನಾನೇ ಫೋಟೋ ತೆಗೆದೆ. ತೆಗೆದೂ ನೋಡಲಿಲ್ಲ.”

“ಮುಚ್ಚಳ ಮೇಲಿರುವುದೇ ಸರಿ ಅಂತ ಕಣ್ಣಿಗೆ ಅನ್ನಿಸ್ತದೆ, ಮ್ಯಾಡಮ್. ಮನೆಯಲ್ಲಿ ಯಾವ ಪಾತ್ರೆಯನ್ನೂ ಒಳಗೆ ವಸ್ತು ಇಟ್ಟುಕೊಂಡು ಕವುಚಿ ಹಾಕುದಿಲ್ಲ. ಮೊದಲ ದಿನ ನನಗೂ ಕೈ ಬರಲಿಲ್ಲ. ಈಗ ಅಭ್ಯಾಸ ಆಗಿದೆ. ಜಲಜಾಕ್ಷಿ ಆಂಟಿಗೂ ಆಗಿದೆ. ಕ್ಲಾಸಿನಲ್ಲಿ ನಿದ್ದೆ ಮಾಡುವ ಮನೀಷನಿಗೂ ಆಗಿದೆ.”

“ಥ್ಯಾಂಕ್ಸ್,” ಎಂದ ಮನೀಷ್.

“ಅಂದರೆ ಹಿಟ್ಟು ಇಟ್ಟವರು ಈ ಕ್ಲಾಸಿನವರಲ್ಲ. ಹಾಳು ಮಾಡಲಿಕ್ಕೆ ಬಂದವರೂ ಅಲ್ಲ. ಹಿಟ್ಟು ಉಕ್ಕಿ ತಟ್ಟೆಗಳ ಮೇಲೆ ಸುರಿದಾಗ ಅವರು ಓಡಿಹೋಗಲಿಲ್ಲ. ಹನ್ನೆರಡನ್ನೂ ತೆಗೆದು, ತೆರೆದು, ಅಂಚು ಒರೆಸಿದ್ದಾರೆ. ಒರೆಸುವಾಗಲೇ ಹಿಟ್ಟು ಎಲ್ಲದಕ್ಕೂ ಹತ್ತಿದೆ. ತಟ್ಟೆಗಳು ತಲೆಕೆಳಗಾಗಿ ಬಿದ್ದಿವೆ, ಪಾಪ ಅಂತ ಎಲ್ಲವನ್ನೂ ಸರಿಯಾಗಿ ತಿರುಗಿಸಿ, ಸಾಲಾಗಿ ಜೋಡಿಸಿದ್ದಾರೆ. ಸಹಾಯ ಮಾಡಿದ್ದಾರೆ, ಮ್ಯಾಡಮ್.”

“ಆದರೆ ಕೀ? ರಿಜಿಸ್ಟರಿನಲ್ಲಿ ನಿನ್ನ ನಂತರ ಯಾರೂ ಇಲ್ಲ.”

“ರಿಜಿಸ್ಟರಿನಲ್ಲಿ ಬರೆಯದೆ ಒಳಗೆ ಬರುವ ಕೀ ಇನ್ನೊಂದುಂಟು.”

ಮಾರ್ಗರೆಟ್ ತಟಕ್ಕನೆ ಬಾಗಿಲ ಕಡೆ ನೋಡಿದರು. ಹೊರಗೆ ಬಕೆಟ್ಟಿನ ಚಕ್ರ ಕಿರುಗುಟ್ಟುತ್ತಿತ್ತು.

“ಯಾರು, ಜೆಸ್ಲಿನ್? ಹೆಸರು ಹೇಳು.”

ಅವಳಿಗೆ ಹೆಸರು ಗೊತ್ತಿತ್ತು. ಮುಚ್ಚಳಗಳ ಅರ್ಥ ಹೊಳೆದ ಆ ಒಂದು ಗಳಿಗೆಯಲ್ಲೇ ಆನ್ ಮರಿಯಾಳ ಮಾತೂ, ಕಾಗದದಲ್ಲಿ ಸುತ್ತಿದ ಲಡ್ಡುವೂ ಬಂದು ಒಂದರ ಪಕ್ಕ ಒಂದು ಕೂತಿದ್ದವು. ಹೇಳಿದರೆ ಫಾರ್ಮಿಗೆ ಸಹಿ ಬೀಳುತ್ತದೆ. ಹೇಳಿದರೆ ಒಬ್ಬರ ಕೆಲಸ ಹೋಗಬಹುದು. ಹೇಳದಿದ್ದರೆ ತನ್ನ ಕೋರ್ಸು ಹೋಗುತ್ತದೆ, ಆಂಟಿಯದೂ ಹೋಗಬಹುದು.

“ಅವರಿಲ್ಲದಾಗ ಹೇಳುದಿಲ್ಲ, ಮ್ಯಾಡಮ್.”

ಅವಳು ಹೋಗಿ ಬಾಗಿಲು ತೆರೆದಳು. “ಅಂಕಲ್, ಸ್ವಲ್ಪ ಒಳಗೆ ಬರ್ತೀರಾ?”

ಕೃಷ್ಣಪ್ಪ ಮಾಪನ್ನು ಗೋಡೆಗೊರಗಿಸಿ, ಒದ್ದೆ ಕೈಯನ್ನು ಏಪ್ರನಿಗೆ ಒರೆಸುತ್ತ ಹೊಸ್ತಿಲಲ್ಲಿ ನಿಂತರು. ಅಷ್ಟೂ ಮುಖಗಳು ತಮ್ಮನ್ನೇ ನೋಡುತ್ತಿರುವುದು ಕಂಡು ಗಲಿಬಿಲಿಗೊಂಡರು.

“ಎಂತ ಚೆಲ್ಲಿತು, ಬಾಯಮ್ಮ?”

“ಅಂಕಲ್, ನಾನೊಂದು ಕೇಳ್ತೇನೆ. ನೀವು ಇದ್ದದ್ದನ್ನು ಇದ್ದ ಹಾಗೆ ಹೇಳ್ಬೇಕು. ನಿಮ್ಮ ಉತ್ತರದ ಮೇಲೆ ನನ್ನ ಕೋರ್ಸು ನಿಂತಿದೆ. ನಿಮಗೂ ತೊಂದರೆ ಆಗಬಹುದು. ಮೊದಲೇ ಹೇಳಿದ್ದೇನೆ.” ಅವಳು ಬಾಗಿಲಿಂದ ಪಕ್ಕಕ್ಕೆ ಸರಿದಳು. “ಭಾನುವಾರ ತೃಷಾಳ ಸೀಮಂತಕ್ಕೆ ಇಡ್ಲಿ ಮಾಡಿದಿರಲ್ಲ. ಆ ಹಿಟ್ಟು ಎಲ್ಲಿ ಹುಳಿ ಬಂದದ್ದು?”

ಕೃಷ್ಣಪ್ಪ ಅವಳನ್ನು ನೋಡಿದರು. ಇನ್‌ಕ್ಯುಬೇಟರನ್ನು ನೋಡಿದರು. ಟ್ರೇಯಲ್ಲಿದ್ದ ತಟ್ಟೆಗಳನ್ನು ನೋಡಿದರು.

“ಇದರಲ್ಲಿ,” ಎಂದರು. “ನಾನೇ ಇಟ್ಟದ್ದು.”

ಜೆಸ್ಲಿನ್ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಪ್ರತಿ ಮಾತನ್ನೂ, ಕೂಡಿಸದೆ, ಕಳೆಯದೆ.

“ಮಗಳು ಫೋನಲ್ಲಿ ಬೇರೆ ಎಂತದೂ ಕೇಳಲಿಲ್ಲ. ಬಯಕೆ ಅಂದ್ರೆ ಅದೊಂದೇ — ಅಪ್ಪನ ಇಡ್ಲಿ. ನನ್ನ ರೂಮಲ್ಲಿ ಚಳಿ. ಓನರ್ ಓವನ್ ಮುಟ್ಲಿಕ್ಕೆ ಬಿಡುದಿಲ್ಲ. ಎರಡು ಸಲ ರುಬ್ಬಿದೆ. ಎರಡು ಸಲವೂ ಕಲ್ಲಿನ ಹಾಗೆ. ಈ ಪೆಟ್ಟಿಗೆ ಒರೆಸುವಾಗ ಕೈಗೆ ಬೆಚ್ಚಗೆ ತಾಗ್ತದೆ. ನಮ್ಮ ಉಡುಪಿಯ ಹೋಟೆಲಿನ ಅಡಿಗೆಕೋಣೆಯ ಬಿಸಿ, ಅದೇ ಬಿಸಿ. ಶುಕ್ರವಾರ ಒಂಬತ್ತಕ್ಕೆ ಇಟ್ಟೆ. ಶನಿವಾರ ಬೆಳಿಗ್ಗೆ ಆರಕ್ಕೆ ಬಂದು ನೋಡ್ತೇನೆ — ಉಕ್ಕಿ ಸುರಿದಿದೆ! ಕೆಳಗೆ ಮಕ್ಕಳ ಡಬ್ಬಿಗಳು. ಎಲ್ಲ ಕವುಚಿ ಬಿದ್ದಿದ್ದವು. ಒರೆಸಿ, ನೆಟ್ಟಗೆ ಮಾಡಿಟ್ಟೆ. ಸರಿ ಮಾಡಿದೆ ಅಂತಲೇ ತಿಳ್ಕೊಂಡೆ.”

“ಆ ಇಡ್ಲಿ ತಿಂದವರಿಗೆ ಏನೂ ಆಗಿಲ್ಲವೇ?” ಮಾರ್ಗರೆಟ್ ಗಾಬರಿಯಿಂದ ಕೇಳಿದರು.

“ಎಂತ ಆಗ್ತದೆ? ಎರಡೆರಡು ಸಲ ಹಾಕಿಸಿಕೊಂಡ್ರು.”

“ಅಂಕಲ್, ಪಕ್ಕದಲ್ಲಿ ಟಾಯ್ಲೆಟ್ಟಿನ ಫ್ಲಶ್ ಇತ್ತು,” ಎಂದರು ಜಲಜಾಕ್ಷಿ ಆಂಟಿ, ತಡೆಯಲಾರದೆ.

ಕೃಷ್ಣಪ್ಪ ಕಣ್ಣು ಮುಚ್ಚಿದರು. “ದೇವರೇ. ಹಬೆಯಲ್ಲಿ ಬೆಂದದ್ದಲ್ವಾ,” ಎಂದರು ಮೆಲ್ಲಗೆ, ತಮಗೆ ತಾವೇ. ಆಮೇಲೆ ಜೆಸ್ಲಿನ್ ಕಡೆ ತಿರುಗಿದರು. “ನಿನ್ನ ತಲೆ ಮೇಲೆ ಬಂದದ್ದು ನನಗೆ ಗೊತ್ತಿರಲಿಲ್ಲ ಮಗಳೇ. ಗೊತ್ತಿದ್ದರೆ ಅವತ್ತೇ ಹೇಳ್ತಿದ್ದೆ. ಟೀಚರಮ್ಮನಿಗೆ ಹೇಳು, ತಪ್ಪು ನನ್ನದು. ಏನು ಬರೀಬೇಕೋ ಬರೀಲಿ.”

ಮಾರ್ಗರೆಟ್ ಇನ್‌ಕ್ಯುಬೇಟರಿನ ಬಾಗಿಲನ್ನು ಮುಚ್ಚಿ ಅದರ ಮುಂಭಾಗವನ್ನು ಒಮ್ಮೆ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. ಒಂದು ಚೀಟಿ ಇಲ್ಲ, ಒಂದು ಚಿತ್ರವಿಲ್ಲ.

“ಬರೆಯಲೇಬೇಕು,” ಎಂದರು. “ಇದು ಅಪಾಯದ ಕೆಲಸ, ಇವರಿಗೆ ಒಂದು ಎಚ್ಚರಿಕೆಯ ಪತ್ರ ಬರುತ್ತದೆ, ಅದನ್ನು ನಾನು ತಪ್ಪಿಸಲಾರೆ. ಆದರೆ ಈ ಕೋಣೆಯನ್ನು ದಿನಾ ಒರೆಸುವ ಮನುಷ್ಯನಿಗೆ ಈ ಪೆಟ್ಟಿಗೆ ಏನೆಂದು ನಾನು ಹೇಳಿಕೊಡಲಿಲ್ಲ. ಮುಟ್ಟಬಾರದೆಂಬ ಚೀಟಿಯನ್ನೂ ಅಂಟಿಸಲಿಲ್ಲ. ಅದನ್ನೂ ಬರೆಯುತ್ತೇನೆ. ನನ್ನ ಹೆಸರಿನಲ್ಲಿ, ಮೊದಲ ಸಾಲಿನಲ್ಲಿ.”

ಜೆಸ್ಲಿನ್ ಅದನ್ನು ತುಳುವಿನಲ್ಲಿ ಹೇಳಿದಳು. ಕೃಷ್ಣಪ್ಪ ತಲೆಯಾಡಿಸಿದರು. ಹೋಗಲು ತಿರುಗಿದವರು ಮೇಜಿನ ಮೇಲಿದ್ದ ಮೈಕ್ರೋಸ್ಕೋಪಿನ ಬಳಿ ನಿಂತರು.

“ಅದರಲ್ಲಿ ಎಂತ ನೋಡಿದ್ದು ನೀನು?”

“ನಿಮ್ಮ ಹಿಟ್ಟನ್ನೇ, ಅಂಕಲ್.”

ಮಾರ್ಗರೆಟ್‌ಗೆ ಮಾತು ತಿಳಿಯಲಿಲ್ಲ. ಆದರೂ ಸ್ಟೂಲನ್ನು ಅವರ ಕಡೆ ಎಳೆದುಕೊಟ್ಟರು. ಕೃಷ್ಣಪ್ಪ ಕೂರಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟು, ಯಾವ ಕಣ್ಣು ಮುಚ್ಚಬೇಕೆಂದು ತಿಳಿಯದೆ ಎರಡನ್ನೂ ಮುಚ್ಚಿ, ಮತ್ತೆ ಒಂದನ್ನು ತೆರೆದು ಬಾಗಿದರು. ಜೆಸ್ಲಿನ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಕೃಷ್ಣಪ್ಪನವರ ಬೆನ್ನು ಅಲುಗಲಿಲ್ಲ.

“ಜೀವ ಉಂಟಾ ಇವಕ್ಕೆ?”

“ಉಂಟು. ಭುಜದ ಮೇಲೆ ಪುಟ್ಟದು ಕಾಣ್ತದಾ? ಅದು ಮರಿ.”

“ಇವರೇ ಉಬ್ಬಿಸುದಾ?”

“ಇವರೇ. ಸಿಹಿ ತಿಂದು ಗಾಳಿ ಬಿಡ್ತಾರೆ. ಜೊತೆಗಿರುವ ಸಣ್ಣ ಚುಕ್ಕೆಗಳೂ ಅದೇ ಕೆಲಸ ಮಾಡ್ತಾವೆ. ಆ ಗಾಳಿಗೇ ಹಿಟ್ಟು ಏಳುದು.”

“ಹದಿನಾಲ್ಕನೇ ವಯಸ್ಸಿಂದ ರುಬ್ಬಿದ್ದೇನೆ,” ಎಂದರು ಕೃಷ್ಣಪ್ಪ. ಧ್ವನಿ ಎಲ್ಲೋ ದೂರದಿಂದ ಬಂದಂತಿತ್ತು. “ದಿನಕ್ಕೆ ಐವತ್ತು ಸೇರು. ರಾತ್ರಿ ಪಾತ್ರೆ ಮುಚ್ಚಿ ಮಲಗ್ತಿದ್ದೆ, ಬೆಳಿಗ್ಗೆ ಎದ್ದಾಗ ಕೆಲಸ ಆಗಿರ್ತಿತ್ತು. ನನ್ನ ಕೈಗುಣ ಅಂತ ಎಲ್ಲರೂ ಹೇಳ್ತಿದ್ರು. ನಾನೂ ಹಾಗೇ ತಿಳಿದಿದ್ದೆ. ಇಷ್ಟು ಜನ ಒಳಗೆ ಕೂತು ದುಡೀತಿದ್ರು ಅಂತ ಒಬ್ಬರೂ ಹೇಳಲಿಲ್ಲವಲ್ಲ!”

ಅವರ ಬೆನ್ನ ಹಿಂದೆ ಒಬ್ಬೊಬ್ಬರಾಗಿ ಸಾಲು ಬೆಳೆಯಿತು. ಜಲಜಾಕ್ಷಿ ಆಂಟಿ ಮುಂದೆ, ಮನೀಷ್ ಅವರ ಹಿಂದೆ. ಈಚೆ ಮೇಜಿನಲ್ಲಿ ಮಾರ್ಗರೆಟ್ ಕೈ ಚಾಚಿದರು.

“ಫಾರ್ಮ್ ಕೊಡು, ಜೆಸ್ಲಿನ್. ಉಳಿದವರು ಇವತ್ತೇ ಹೊಸ ತಟ್ಟೆ ಹಾಕಲಿ. ಬೆಳೆದದ್ದು ಯಾವ ಜೀವಿ, ಎಲ್ಲಿಂದ ಬಂತು, ಹೇಗೆ ಗೊತ್ತಾಯಿತು — ನಾನು ಕೇಳಬೇಕೆಂದಿದ್ದ ಪ್ರಶ್ನೆ ಇವೇ ಮೂರು. ನೀನು ಮೂರಕ್ಕೂ ಉತ್ತರಿಸಿದ್ದೀಯ.”

ಎರಡು ರಟ್ಟುಗಳ ನಡುವಿನಿಂದ ಕಾಗದ ಹೊರಬಂತು. ಸಹಿ ಬಿತ್ತು. ಜೆಸ್ಲಿನ್ ಶಾಯಿ ಒಣಗುವುದನ್ನೇ ನೋಡುತ್ತ ನಿಂತಳು.

“ಅಂಕಲ್, ನಮಗೂ ಸ್ವಲ್ಪ ಬಿಡಿ,” ಎಂದ ಮನೀಷ್.

“ತಡಿ ಮಾರಾಯ,” ಎಂದರು ಕೃಷ್ಣಪ್ಪ, ಕಣ್ಣು ತೆಗೆಯದೆ. “ಇಲ್ಲೊಂದು ಈಗಷ್ಟೇ ಮರಿ ಹಾಕ್ಲಿಕ್ಕೆ ಸುರು ಮಾಡಿದೆ.”